ಮೋನಾಲ್ ತಿರುಗುವವರೆಗೆ

14 ಮೇ 2024, ಮಂಗಳವಾರ, ಶಿಲ್ಟ್

ಹಿಮಾಚಲದ ಗುಶೈನಿ ಹಳ್ಳಿಯಿಂದ ಹೊರಟು ಇಂದಿಗೆ ಮೂರು ದಿನ. ಮೊದಲ ದಿನ ತೀರ್ಥನ್ ನದಿಯ ಜೊತೆಜೊತೆಗೇ ನಡೆದು ರೋಲ್ಲಾ ತಲುಪಿದೆವು. ನಿನ್ನೆ ಅಲ್ಲಿಂದ ಸುಮಾರು 3,000 ಮೀಟರ್ ಎತ್ತರದ ಈ ಜಾಗಕ್ಕೆ ಏರಿದ ಆಯಾಸ ಇನ್ನೂ ಕಾಲಿನಿಂದ ಇಳಿದಿಲ್ಲ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಕಾಡಿಗೆ ಕಾಲುದಾರಿಯ ಹೊರತು ಬೇರೆ ದಾರಿಯಿಲ್ಲ. ಡೇರೆ, ದಿನಸಿ, ಕ್ಯಾಮೆರಾ ಎಲ್ಲವೂ ಬೆನ್ನ ಮೇಲೆಯೇ ಬರಬೇಕಾದುದರಿಂದ ಟ್ರೈಪಾಡನ್ನೂ ಭಾರದ ಲೆನ್ಸನ್ನೂ ಬಿಟ್ಟು, 100-400 ಮಿಲಿಮೀಟರ್ ಜೂಮ್ ಒಂದನ್ನೇ ತಂದಿದ್ದೇನೆ.

ಬೆಳಕು ಹರಿಯುವ ಮೊದಲೇ ಕೆಳಗಿನ ಓಕ್ ಕಾಡಿನಿಂದ ಜುಜುರಾಣಾದ ಕೂಗು ಕೇಳಿಸಿತು. ವೆಸ್ಟರ್ನ್ ಟ್ರಾಗೋಪಾನ್ ಎಂಬ ಈ ಹಕ್ಕಿ ಹಿಮಾಚಲದ ರಾಜ್ಯಪಕ್ಷಿ. ಮರಿ ಮಾಡುವ ಈ ದಿನಗಳಲ್ಲಿ ಗಂಡು ಕೂಗುವುದನ್ನು ಕೇಳಿದರೆ ದಾರಿ ತಪ್ಪಿದ ಮಗುವೊಂದು ಅಳುತ್ತಿದೆಯೆಂದೇ ಅನ್ನಿಸುತ್ತದೆ. ಧ್ವನಿಮುದ್ರಣ ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಸೆಳೆಯುವ ಛಾಯಾಗ್ರಾಹಕರಿದ್ದಾರೆ. ಪ್ರತಿಸ್ಪರ್ಧಿ ಬಂದನೆಂದು ನಂಬಿ ಅದು ತನ್ನ ಕೆಲಸ ಬಿಟ್ಟು ಓಡಿ ಬರುವುದರಿಂದ, ಸಂತಾನದ ಕಾಲದಲ್ಲಿ ಇದನ್ನು ಮಾಡಲೇಬಾರದೆಂಬುದು ನನ್ನ ಖಚಿತ ನಿಲುವು. ಕೂಗು ನಿಲ್ಲುವವರೆಗೆ ಅಲ್ಲಿಯೇ ಕುಳಿತು ಕೇಳಿದೆವು, ಹಕ್ಕಿ ಕಾಣಿಸಲಿಲ್ಲ.

ಇಂದಿನ ಬೆಳಗು ಸಾರ್ಥಕವಾದದ್ದು ಕಾಡುಕೋಳಿಯ ಬಳಗದ ಹಿಮಾಲಯದ ಹಕ್ಕಿ ಮೋನಾಲ್‌ನಿಂದ. ನಿನ್ನೆ ಸಂಜೆ ತೆಗೆದ ಅದರ ಚಿತ್ರಗಳೆಲ್ಲ ಕಪ್ಪು ಕೋಳಿಯ ಚಿತ್ರಗಳಂತೆ ಬಂದಿದ್ದವು, ಮತ್ತು ತಪ್ಪು ನಾನು ನಿಂತ ಜಾಗದಲ್ಲಿತ್ತು. ಗಂಡು ಮೋನಾಲ್‌ನ ಹಸಿರು, ತಾಮ್ರ, ನೀಲಿಗಳ ಹೊಳಪು ಗರಿಯಲ್ಲಿ ಬೆರೆತ ಬಣ್ಣದ್ರವ್ಯದಿಂದ ಬರುವುದಿಲ್ಲ. ಗರಿಯೊಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಹಿಂದಿರುಗಿಸುವ ರೀತಿಯಿಂದ ಬರುತ್ತದೆ. ಹಾಗಾಗಿ ಬೆಳಕು, ಹಕ್ಕಿ, ನೋಡುವವನ ಕಣ್ಣು ಈ ಮೂರರ ಕೋನ ಕೂಡಿ ಬರದಿದ್ದರೆ ಅಷ್ಟೂ ವೈಭವ ಕತ್ತಲಾಗಿ ಉಳಿಯುತ್ತದೆ. ನಿನ್ನೆ ಸೂರ್ಯ ಹಕ್ಕಿಯ ಹಿಂದಿದ್ದ. ಇಂದು ಬಯಲಿನ ಅಂಚಿನಲ್ಲಿ ಬಿಸಿಲು ನನ್ನ ಬೆನ್ನಿಗೆ ಬೀಳುವಂತೆ ಕುಳಿತು, ಚೀಲದ ಮೇಲೆ ಲೆನ್ಸ್ ಊರಿ, ಕಾದೆ.

ಅದು ತಾನಾಗಿಯೇ ಬಂತು. ಬಲವಾದ ಕೊಕ್ಕಿನಿಂದ ಹಸಿ ನೆಲವನ್ನು ಅಗೆದು, ಗೆಡ್ಡೆಯನ್ನೋ ಹುಳುವನ್ನೋ ಹೆಕ್ಕಿ, ನಾಲ್ಕು ಹೆಜ್ಜೆ ನಡೆದು ಮತ್ತೆ ಅಗೆಯುತ್ತಿತ್ತು. ಹಕ್ಕಿಯ ಹಿಂದೆ ಕರಗದೆ ಉಳಿದ ಹಿಮದ ಬಿಳುಪಿಗೆ ಮೋಸಹೋಗಿ, ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಹಕ್ಕಿಯನ್ನು ಮತ್ತೆ ಕಪ್ಪಾಗಿಸುತ್ತಿತ್ತು. ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಚಿತ್ರಕ್ಕೆ ಸಿಗುವ ಬೆಳಕು ಇಮ್ಮಡಿಯಾಗುವಷ್ಟು, ಹೆಚ್ಚಿಸಿದೆ. ಸುಮಾರು ನಲವತ್ತು ನಿಮಿಷ ಅದರ ಬೆನ್ನಷ್ಟೇ ಕಂಡಿತು. ಆಮೇಲೆ ಯಾವುದೋ ಸದ್ದಿಗೆ ತಲೆಯೆತ್ತಿ ನನ್ನತ್ತ ತಿರುಗಿತು: ಕಾಯಿಸಿದ ತಾಮ್ರದ ಕತ್ತು, ಹಸಿರು ಮಿನುಗುವ ತಲೆ, ಅದರ ಮೇಲೆ ನಡುಗುವ ತುರಾಯಿ. ಆರು ಚಿತ್ರ ತೆಗೆದೆ. ಮರುಕ್ಷಣ ಅದು ಸೊಂಟದ ಬಿಳಿ ಪಟ್ಟಿಯನ್ನು ತೋರಿಸುತ್ತ ಇಳಿಜಾರಿನ ಕೆಳಗೆ ಹಾರಿಹೋಯಿತು. ಅಷ್ಟು ಹೊತ್ತೂ ಅದರ ಪಕ್ಕದಲ್ಲೇ ಕಂದುಬಣ್ಣದ ಹೆಣ್ಣು ಕುಳಿತಿತ್ತೆಂಬುದು, ಅದೂ ಎದ್ದು ಹಾರಿದಾಗಲೇ ತಿಳಿಯಿತು.

ಮಧ್ಯಾಹ್ನ ಮೋಡ ಕವಿದು ಆಲಿಕಲ್ಲು ಬಿತ್ತು, ಡೇರೆಯಿಂದ ಹೊರಬರಲಾಗಲಿಲ್ಲ. ಚಳಿಗೆ ಬ್ಯಾಟರಿಗಳು ಬೇಗ ಸೋಲುವುದರಿಂದ ಎರಡನ್ನೂ ಮಲಗುವ ಚೀಲದೊಳಗೆ ಎದೆಯ ಬಳಿ ಇಟ್ಟುಕೊಂಡಿದ್ದೇನೆ. ಉಸಿರಿನ ತೇವ ತಣ್ಣನೆಯ ಗಾಜಿಗೆ ಹಿಡಿಯದಂತೆ ಲೆನ್ಸನ್ನು ಮುಚ್ಚಿದ ಚೀಲದಲ್ಲೇ ಬಿಟ್ಟಿದ್ದೇನೆ. ನಾಳೆ ನಸುಕಿನಲ್ಲಿ ರಖುಂಡಿ ಬೆಟ್ಟದ ತುದಿಗೆ ಏರಬೇಕು. ಎರಡನೆಯ ಬ್ಯಾಟರಿಯಲ್ಲಿ ಇನ್ನು ಅರ್ಧ ಉಳಿದಿದೆ.