ಜೋ ಹೀನಿಯವರ ಹಾಡು ಮತ್ತು ಬದುಕು

ಅಂಕೋಲಾದ ಬಡಿಗೇರಿಯ ಹಾಲಕ್ಕಿ ಸಮುದಾಯದ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರ ಹಾಡನ್ನು ಬಲ್ಲ ನಮ್ಮ ಕರಾವಳಿಯವರಿಗೆ ಐರ್ಲೆಂಡಿನ ಜನಪದ ಹಾಡುಗಾರ ಜೋ ಹೀನಿಯವರು ದೂರದವರು ಎನಿಸಲಾರರು. 1919ರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾರ್ನಾ ಸೀಮೆಯಲ್ಲಿ ಹುಟ್ಟಿದ ಅವರ ಮನೆಮಾತು ಐರಿಷ್. ಬಂಡೆಗಲ್ಲಿನ ನೆಲವಾದ್ದರಿಂದ ಬೇಸಾಯಕ್ಕೆ ಕಷ್ಟದ ಊರು. ಹಾಡಿಗೆ ಮಾತ್ರ ಅಲ್ಲಿ ಬರವಿರಲಿಲ್ಲ. ತಂದೆಯಿಂದಲೂ ನೆರೆಹೊರೆಯವರಿಂದಲೂ ಕೇಳಿ ಕಲಿತ ನೂರಾರು ಹಾಡುಗಳು ಅವರಿಗೆ ಕಂಠಪಾಠವಾಗಿದ್ದವು.

ಅವರದು ‘ಶಾನ್ ನೋಸ್’ ಎಂಬ ಹಳೆಯ ಗಾಯನ ಪದ್ಧತಿ. ಅದಕ್ಕೆ ಪಕ್ಕವಾದ್ಯವಿಲ್ಲ, ಬಿಗಿಯಾದ ತಾಳವೂ ಇಲ್ಲ. ಸಾಲಿನ ಮಾತು ಎಷ್ಟು ಹೊತ್ತು ಬೇಡುತ್ತದೆಯೋ ಅಷ್ಟು ಹೊತ್ತು ಸ್ವರ ನಿಲ್ಲುತ್ತದೆ, ಒಂದು ನುಡಿಯಲ್ಲಿ ಹಾಕಿದ ಸಣ್ಣ ಗಮಕ ಮುಂದಿನ ನುಡಿಯಲ್ಲಿ ಬೇರೆಯಾಗುತ್ತದೆ. ಹಾಡುಗಾರ ಮುಖದಲ್ಲಿ ಭಾವ ತೋರಿಸುವುದಿಲ್ಲ. ಕೆಲವೊಮ್ಮೆ ಪಕ್ಕದಲ್ಲಿ ಕುಳಿತ ಕೇಳುಗನೊಬ್ಬ ಅವನ ಕೈ ಹಿಡಿದು ಮೆಲ್ಲಗೆ ತಿರುಗಿಸುತ್ತಿರುತ್ತಾನೆ. ಕೊನೆಯ ಸಾಲನ್ನು ಹಾಡದೆ ಬರಿಯ ಮಾತಿನಲ್ಲಿ ಹೇಳಿ ಮುಗಿಸುವುದೂ ಉಂಟು.

1942ರಲ್ಲಿ ಐರಿಷ್ ಭಾಷೆಯ ಪ್ರಮುಖ ಉತ್ಸವವಾದ ಐರಾಖ್ಟಸ್‌ನಲ್ಲಿ ಹೀನಿಯವರಿಗೆ ಮೊದಲ ಬಹುಮಾನ ಬಂತು. ಆದರೆ ಬಹುಮಾನದಿಂದ ಹೊಟ್ಟೆ ತುಂಬಲಿಲ್ಲ. ಸ್ಕಾಟ್ಲೆಂಡ್, ಇಂಗ್ಲೆಂಡುಗಳಲ್ಲಿ ಕೂಲಿ ಮಾಡಿದರು, ಲಂಡನ್ನಿನ ಜನಪದ ಗಾಯನ ಕೂಟಗಳಲ್ಲಿ ಹಾಡಿದರು. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದ ಮೇಲೆ ನ್ಯೂಯಾರ್ಕಿಗೆ ಬಂದು ನೆಲೆಸಿದರು. ಅಂಥ ಗಾಯಕ ಅಲ್ಲಿ ವರ್ಷಗಟ್ಟಲೆ ಅಪಾರ್ಟ್‌ಮೆಂಟೊಂದರ ಬಾಗಿಲು ಕಾಯುತ್ತ ಜೀವನ ಸಾಗಿಸಬೇಕಾಯಿತು ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಕೊನೆಗಾಲದಲ್ಲಿ ವೆಸ್ಲಿಯನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳು ಅವರನ್ನು ಪಾಠ ಹೇಳಲು ಕರೆದವು. 1982ರಲ್ಲಿ ಅಮೆರಿಕ ಸರಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು. ಎರಡೇ ವರ್ಷಗಳಲ್ಲಿ, 1984ರಲ್ಲಿ, ಸಿಯಾಟಲ್‌ನಲ್ಲಿ ತೀರಿಕೊಂಡರು. ನಮ್ಮ ಸುಕ್ರಜ್ಜಿಗೂ ಪದ್ಮಶ್ರೀ ಬಂದದ್ದು ಇಳಿವಯಸ್ಸಿನಲ್ಲಿ, 2017ರಲ್ಲಿ.

ಹೀನಿಯವರು ಹಾಡಿಗೆ ಮೊದಲು ಅದರ ಕತೆ ಹೇಳುತ್ತಿದ್ದರು: ಯಾರ ಮೇಲೆ ಕಟ್ಟಿದ್ದು, ಏಕೆ ಕಟ್ಟಿದ್ದು ಎಂದು. ಕತೆ ತಿಳಿಯದವನು ಹಾಡನ್ನು ಕೇಳಿದರೂ ಅರ್ಧವೇ ಕೇಳಿದಂತೆ ಎಂದು ನನಗೂ ಅನಿಸುತ್ತದೆ. ನಮ್ಮ ಹಾಲಕ್ಕಿ ಹೆಂಗಸರ ಮದುವೆ ಹಾಡು, ಗದ್ದೆ ನಾಟಿಯ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿಯುವವರು ನಡುವೆ ಬರುವ ಮಾತುಕತೆಯನ್ನು ಕತ್ತರಿಸಿ ಎಸೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ಹೀನಿಯವರ ವಿಷಯದಲ್ಲಿ ಹಾಗಾಗಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅವರ ಹಾಡುಗಳ ಜೊತೆಗೆ ಅವರು ಹೇಳಿದ ಕತೆಗಳೂ ಸಂದರ್ಶನಗಳೂ ಉಳಿದಿವೆ, ಅವುಗಳಲ್ಲಿ ಹಲವನ್ನು ಅಂತರ್ಜಾಲದಲ್ಲಿ ಕೇಳಬಹುದು.