ಮದುವೆಯಲ್ಲಿ ಮುಗಿಯದ ಪ್ರೇಮಕಥೆಗಳು

ಹದಿಹರೆಯದವರ ಹಗುರ ಪ್ರೇಮಕಾದಂಬರಿ ಅಂದ ತಕ್ಷಣ ತುಂಬಾ ಜನ ಮೂಗು ಮುರಿಯುತ್ತಾರೆ. ಹುಡುಗ ಸಿಕ್ಕಿದ, ಜಗಳ ಆಯ್ತು, ಮತ್ತೆ ಒಂದಾದರು, ಅದರಲ್ಲೇನಿದೆ ಅಂತ. ನನಗೆ ಇವು ತುಂಬಾ ಇಷ್ಟ, ಅದರಲ್ಲೂ ಇವು ಮುಗಿಯುವ ರೀತಿ. ದೊಡ್ಡವರ ಪ್ರೇಮಕಥೆ ಸಾಮಾನ್ಯವಾಗಿ ಮದುವೆ ಮಂಟಪದ ಕಡೆಗೆ ನಡೆಯುತ್ತದೆ. ಇಲ್ಲಿ ಕಥೆ ಮುಗಿದಾಗ ಹುಡುಗಿಯ ಮುಂದೆ ಇನ್ನೂ ಓದು, ಊರು, ಕೆಲಸ ಎಲ್ಲ ಬಾಕಿ ಇರುತ್ತದೆ.

ಇದು ಇವತ್ತು ಶುರುವಾದದ್ದೇನಲ್ಲ. ಅಮೆರಿಕದ ಮೌರೀನ್ ಡೇಲಿ ಬರೆದ 'ಸೆವೆಂಟೀಂತ್ ಸಮ್ಮರ್' ಬಂದಿದ್ದು 1942ರಲ್ಲಿ, ಆಗ ಆಕೆ ಇನ್ನೂ ಕಾಲೇಜು ಓದುತ್ತಿದ್ದರು. ವಿಸ್ಕಾನ್ಸಿನ್‌ನ ಒಂದು ಊರು, ಬೇಕರಿ ಮನೆಯ ಹುಡುಗ, ಒಂದು ಬೇಸಿಗೆ, ಅಷ್ಟೇ ಕಥೆ. ಕೊನೆಗೆ ಅವನು ಮನೆಯವರ ಜೊತೆ ಒಕ್ಲಹೋಮಾಗೆ ಹೋಗಬೇಕು, ಅವಳು ಶಿಕಾಗೋದ ಕಾಲೇಜಿಗೆ. ಇಬ್ಬರೂ ಬೇರೆಯಾಗುತ್ತಾರೆ. ಆದರೂ ಓದಿ ಮುಗಿಸಿದಾಗ ಏನೋ ಕಳೆದುಹೋಯಿತು ಅನ್ನಿಸುವುದಿಲ್ಲ, ಅವಳು ಆ ಬೇಸಿಗೆಯಲ್ಲಿ ಎಷ್ಟು ಬೆಳೆದಳು ಅಂತ ನಮಗೆ ಗೊತ್ತಿರುತ್ತದೆ.

ಈ ಕಾಲದ್ದು ಬೇಕಂದರೆ ಜೆನ್ನಿ ಹಾನ್ ಅವರ 'ಟು ಆಲ್ ದ ಬಾಯ್ಸ್ ಐ ಹ್ಯಾವ್ ಲವ್ಡ್ ಬಿಫೋರ್' (2014) ಓದಿ. 16 ವರ್ಷದ ಲಾರಾ ಜೀನ್ ತನಗೆ ಇಷ್ಟವಾದ ಹುಡುಗರಿಗೆಲ್ಲ ಒಂದೊಂದು ಪತ್ರ ಬರೆದು, ಕಳಿಸದೆ, ಹ್ಯಾಟಿನ ಡಬ್ಬಿಯಲ್ಲಿ ಬಚ್ಚಿಟ್ಟಿರುತ್ತಾಳೆ. ಅವು ಹೇಗೋ ಪೋಸ್ಟ್ ಆಗಿಬಿಡುತ್ತವೆ. ಒಂದು ಪತ್ರ ಅಕ್ಕನ ಹಳೆಯ ಪ್ರೇಮಿಗೇ ಹೋಗುತ್ತದೆ! ಅವನಿಂದ ತಪ್ಪಿಸಿಕೊಳ್ಳಲು ಪೀಟರ್ ಅನ್ನುವ ಹುಡುಗನ ಜೊತೆ ಸುಮ್ನೆ ಪ್ರೀತಿಯ ನಾಟಕ ಶುರು ಮಾಡುತ್ತಾಳೆ. ಇಂಥ ನಾಟಕದ ಪ್ರೀತಿ ಈ ಬಗೆಯ ಎಷ್ಟೋ ಪುಸ್ತಕಗಳಲ್ಲಿದೆ, ನನಗಂತೂ ಬೇಜಾರೇ ಆಗುವುದಿಲ್ಲ. ನಾಟಕ ಅಂತ ಇಬ್ಬರಿಗೂ ಗೊತ್ತಿರುವುದರಿಂದ ಒಬ್ಬರನ್ನೊಬ್ಬರು ಮೆಚ್ಚಿಸುವ ಒತ್ತಡವೇ ಇಲ್ಲ, ಹಾಗಾಗಿ ಅವಳು ತೀರಿಕೊಂಡ ಅಮ್ಮನ ಬಗ್ಗೆ, ಅವನು ಮನೆ ಬಿಟ್ಟುಹೋದ ಅಪ್ಪನ ಬಗ್ಗೆ ನಿಜ ಮಾತಾಡುತ್ತಾರೆ. ಪ್ರೀತಿ ಹುಟ್ಟುವುದೇ ಅಲ್ಲಿ.

ಇನ್ನು ಆ ಮನೆ! ಕೊರಿಯನ್ ಮೂಲದ ಅಮ್ಮನ ನೆನಪು, ದೂರದ ಸ್ಕಾಟ್ಲೆಂಡಿಗೆ ಓದಲು ಹೋದ ಅಕ್ಕ ಮಾರ್ಗೋ, ತುಂಟ ತಂಗಿ ಕಿಟ್ಟಿ, ಮೂವರನ್ನು ಸಾಕುವ ಡಾಕ್ಟರ್ ಅಪ್ಪ. ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಅಕ್ಕನ ಮಗಳು ಓದಿ ಮುಗಿಸಿ, "ಚಿಕ್ಕಮ್ಮಾ, ನಂಗೆ ಪೀಟರ್‌ಗಿಂತ ಕಿಟ್ಟಿನೇ ಇಷ್ಟ ಆದ್ಲು" ಅಂದಳು. ಸರಿಯಾಗಿಯೇ ಓದಿದ್ದಾಳೆ. ಇದೇ ಸರಣಿಯ ಮೂರನೆಯ ಪುಸ್ತಕದಲ್ಲಿ ಒಂದು ಮದುವೆ ಇದೆ, ಆದರೆ ಅದು ಅಪ್ಪನದು. ಲಾರಾ ಜೀನ್ ಮತ್ತು ಪೀಟರ್ ಬೇರೆ ಬೇರೆ ಕಾಲೇಜಿಗೆ ಹೊರಡುತ್ತಾರೆ, ನೋಡೋಣ ಅಂತ.

ಸಂಧ್ಯಾ ಮೆನನ್ ಅವರ 'ವೆನ್ ಡಿಂಪಲ್ ಮೆಟ್ ರಿಷಿ' (2017) ನಮಗೆ ಇನ್ನೂ ಹತ್ತಿರದ್ದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೋಡಿಂಗ್ ಕಲಿಯಲು ಬಂದ ಡಿಂಪಲ್‌ಗೆ, ಅಪ್ಪ ಅಮ್ಮ ತನಗೆ ಗಂಡು ನೋಡಿಟ್ಟಿದ್ದಾರೆ ಅಂತ ಗೊತ್ತೇ ಇಲ್ಲ. ರಿಷಿಗೆ ಗೊತ್ತು. ಅವನು ಬಂದು ಭಾವಿ ಹೆಂಡತಿ ಅಂತ ಮಾತಾಡಿಸಿದ್ದಕ್ಕೆ ಅವಳು ಐಸ್ಡ್ ಕಾಫಿ ಎರಚಿ ಓಡುತ್ತಾಳೆ. ಎಷ್ಟು ಚೆನ್ನಾಗಿದೆ ಅಲ್ವಾ!

ಎಲ್ಲವೂ ಇಷ್ಟು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ಕನ್ನಡಕ ತೆಗೆದ ತಕ್ಷಣ ಸುಂದರಿಯಾಗುವ ಹುಡುಗಿ, ಕಾರಣವಿಲ್ಲದೆ ಕೆಟ್ಟವಳಾದ ಇನ್ನೊಬ್ಬಳು, ಇವು ನನಗೆ ಸಾಕಾಗಿದೆ. ಅಪ್ಪ ಅಮ್ಮಂದಿರಿಗೆ ಒಂದು ಮಾತು: ಈಗ ದೊಡ್ಡವರ ಪ್ರೇಮಕಾದಂಬರಿಗಳಿಗೂ ಹದಿಹರೆಯದವರ ಪುಸ್ತಕದಂಥ ಕಾರ್ಟೂನ್ ಮುಖಪುಟ ಹಾಕುತ್ತಾರೆ. ಬಣ್ಣ ನೋಡಿ ಕೊಳ್ಳಬೇಡಿ, ಪ್ರಕಾಶಕರು ಎಷ್ಟು ವಯಸ್ಸಿನವರಿಗೆ ಅಂತ ಹೇಳಿದ್ದಾರೆ ನೋಡಿ.

ನನ್ನ ದೊಡ್ಡ ಆಸೆ ಅಂದರೆ ಇಂಥವು ಕನ್ನಡದಲ್ಲಿ ಜಾಸ್ತಿ ಬರಬೇಕು. ನಮ್ಮ ಮಕ್ಕಳು ಮಕ್ಕಳ ಪತ್ರಿಕೆ ಬಿಟ್ಟ ಮೇಲೆ ನೇರ ತ್ರಿವೇಣಿಗೋ ತೇಜಸ್ವಿಗೋ ಹಾರಬೇಕು. ಆ ಪುಸ್ತಕಗಳು ಅವರಿಗೆ ಬೇಕೇ ಬೇಕು, ಆದರೆ ನಡುವಿನ ಆ ನಾಲ್ಕೈದು ವರ್ಷ? ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಪಿಯುಸಿ ಓದುವ ಹುಡುಗಿ, ಸಿಇಟಿ ಕೋಚಿಂಗು, ಬಸ್ ಪಾಸು, ಜಗಳವಾಡುವ ತಮ್ಮ, ನೋಟ್ಸ್ ಕೇಳುವ ನೆಪದಲ್ಲಿ ಮಾತಾಡಿಸುವ ಹುಡುಗ, ಕೊನೆಗೆ ಅವಳಿಗೆ ಮೈಸೂರಿನಲ್ಲಿ ಸೀಟು. ಇಂಥದ್ದನ್ನು ಯಾರಾದರೂ ಬರೆಯುತ್ತಿದ್ದರೆ ದಯವಿಟ್ಟು ತಿಳಿಸಿ, ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.