ಅಮ್ಮ ನೋಡಿದ ಟೈಲರ್

1932ರ ‘ಲವ್ ಮಿ ಟುನೈಟ್’ ಸಿನಿಮಾವನ್ನು ಕಾಲೇಜಿನ ದಿನಗಳಲ್ಲಿ ಹಾಡುಗಳಿಗಾಗಿ ನೋಡಿದ್ದೆ. ಹೋದ ಭಾನುವಾರ ಮತ್ತೆ ಹಾಕಿದೆ. ಅಮ್ಮ ಪಕ್ಕದಲ್ಲಿ ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಮೂವತ್ತು ವರ್ಷದಿಂದ ಅವರು ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಾರೆ.

ಪ್ಯಾರಿಸ್ ಬೆಳಗ್ಗೆ ಏಳುತ್ತಿದೆ. ಒಬ್ಬ ರಸ್ತೆ ಅಗೆಯುತ್ತಾನೆ, ಇನ್ನೊಬ್ಬ ಗೊರಕೆ ಹೊಡೆಯುತ್ತಾನೆ, ಒಬ್ಬಳು ಕಸ ಗುಡಿಸುತ್ತಾಳೆ. ಸದ್ದಿಗೆ ಸದ್ದು ಸೇರಿ ಇಡೀ ಬೀದಿಯೇ ತಾಳ ಹಾಕುತ್ತದೆ. ಟಾಕಿ, ಅಂದರೆ ಮಾತಾಡುವ ಸಿನಿಮಾ, ಶುರುವಾಗಿ ಆಗಿನ್ನೂ ಐದೇ ವರ್ಷ. ಕ್ಯಾಮೆರಾದ ಗರಗರ ಮೈಕಿಗೆ ಕೇಳಿಸುತ್ತದೆ ಅಂತ ಅದನ್ನು ಗೂಡಿನಂಥ ಕೋಣೆಯೊಳಗೆ ಕೂಡಿಹಾಕಿ ಚಿತ್ರ ತೆಗೆಯುತ್ತಿದ್ದದ್ದು ತೀರಾ ಹಿಂದಿನ ಮಾತಲ್ಲ. ಅಂಥ ಹೊತ್ತಲ್ಲಿ ನಿರ್ದೇಶಕ ರೂಬೆನ್ ಮಮೂಲಿಯನ್ ಹಾಡನ್ನು ಊರೂರು ಸುತ್ತಿಸಿದ್ದಾರೆ! ಅಂಗಡಿಯಲ್ಲಿ ಟೈಲರ್ ಹಾಡಿದ್ದನ್ನು ಗಿರಾಕಿ ಗುನುಗುತ್ತಾ ಹೊರಡುತ್ತಾನೆ. ಅವನಿಂದ ಟ್ಯಾಕ್ಸಿಯವನಿಗೆ, ರೈಲಿನಲ್ಲಿರುವ ಸೈನಿಕರಿಗೆ, ಕೊನೆಗೆ ದೂರದ ಕೋಟೆಯ ರಾಜಕುಮಾರಿಗೆ. ಇಬ್ಬರೂ ಇನ್ನೂ ಒಬ್ಬರನ್ನೊಬ್ಬರು ನೋಡೇ ಇಲ್ಲ. ಈ ಸಲವೂ ನನ್ನ ಮೈ ಜುಮ್ಮೆಂದಿತು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕತೆ ಹೇಳುತ್ತಾ ಹೋದೆ. ಮಾರಿಸ್ ಶೆವಲಿಯೆ ಮಾಡಿರುವ ಆ ಟೈಲರ್ ಕೋಟೆಗೆ ಹೋಗುವುದು ಪ್ರೀತಿಗಲ್ಲ, ಬಾಕಿ ವಸೂಲಿಗೆ ಅಂದೆ. ಸೂಜಿ ನಿಂತಿತು.

“ದೊಡ್ಡ ಮನೆಯವರೇ ಜಾಸ್ತಿ ಬಾಕಿ ಇಡೋದು ಕಣೋ” ಅಂದರು.

ಆಮೇಲೆ ಅವರ ಕಣ್ಣು ಪರದೆ ಬಿಡಲಿಲ್ಲ. ಬಾಕಿ ಇಟ್ಟವನೇ ಟೈಲರನ್ನು ದೊಡ್ಡ ಮನುಷ್ಯ ಅಂತ ಪರಿಚಯಿಸಿಬಿಡುತ್ತಾನೆ. ರಾಜಕುಮಾರಿಯ, ಅಂದರೆ ಜೆನೆಟ್ ಮ್ಯಾಕ್‌ಡೊನಾಲ್ಡ್ ಅವರ, ಕುದುರೆ ಸವಾರಿಯ ಉಡುಪು ಸರಿಯಾಗಿಲ್ಲ ಅನ್ನುವುದು ಇವನ ಕಣ್ಣಿಗೆ ಬೀಳುತ್ತದೆ. ಸುಮ್ನೆ ಇರಲಾಗುವುದಿಲ್ಲ. ಎರಡು ತಾಸಿನಲ್ಲಿ ಅದನ್ನು ಹೊಸದಾಗಿ ಹೊಲಿದು ಕೊಡುತ್ತಾನೆ. ಬಟ್ಟೆ ಅಷ್ಟು ಚೆನ್ನಾಗಿ ಬಂದಿದ್ದರಿಂದಲೇ ಅವನ ಗುಟ್ಟೂ ಹೊರಬೀಳುತ್ತದೆ. ಆಗ ಕೋಟೆಗೆ ಕೋಟೆಯೇ, ಆಳುಕಾಳು ಸಮೇತ, “ಬರೀ ಟೈಲರ್ ಇವನು” ಅಂತ ಹಾಡುತ್ತದೆ.

ಹಿಂದೆ ಈ ಹಾಡಿಗೆ ನಾನು ನಕ್ಕಿದ್ದೆ. ಈ ಸಲ ಅಮ್ಮನ ಮುಖ ನೋಡಿದೆ, ನಗು ಬರಲಿಲ್ಲ.

“ಅಷ್ಟು ಚೆನ್ನಾಗಿ ಕೂತಿದೆ ಬಟ್ಟೆ. ಅದನ್ನ ಒಬ್ರೂ ಹೇಳ್ಲಿಲ್ವಲ್ಲೋ.”

ರಾಜಕುಮಾರಿ ಕುದುರೆ ಏರಿ ಅವನು ಹೊರಟ ರೈಲನ್ನು ಬೆನ್ನಟ್ಟಿ, ಹಳಿಯ ಮೇಲೆ ನಿಂತು, ಅವನನ್ನು ವಾಪಸ್ ಪಡೆಯುತ್ತಾಳೆ. ಅಮ್ಮನಿಗೆ ಅದು ಬೇಕಿರಲಿಲ್ಲ. “ಆ ಬಟ್ಟೆ ಇನ್ನೊಂದ್ಸಲ ತೋರ್ಸು” ಅಂದರು. ಹಿಂದಕ್ಕೆ ಓಡಿಸಿದೆ. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ಕೂತರು.

“ಅಲ್ಲೇ ನಿಲ್ಸು. ಭುಜದ ಹೊಲಿಗೆ ನೋಡ್ಬೇಕು.”